ಘಟ್ಟದ ಮೂರು ತಾಲ್ಲೂಕುಗಳೂ ವೈದ್ಯರ ಸನ್ನದೂ

ಜೋಗದ ಆಚೆ ದಡದಲ್ಲಿರುವ ಪ್ರವಾಸಿ ಮಂದಿರವನ್ನು ಜನರು ಇಂದಿಗೂ ಬಾಂಬೆ ಬಂಗ್ಲೆಯೆಂದೇ ಕರೆಯುತ್ತಾರೆ. ಶರಾವತಿಯ ಈಚೆ ದಡ ಮೈಸೂರು ಸಂಸ್ಥಾನದ ಸಾಗರ ತಾಲ್ಲೂಕು. ಆಚೆಯದು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ. ಹೊಸನಗರದಿಂದ ಹುಲಿಕಲ್ ಘಾಟಿಯನ್ನಾಗಲಿ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯನ್ನಾಗಲಿ ಇಳಿದರೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ. ಈ ಗಡಿಗಳನ್ನು ನಾವು ಸಾಮಾನ್ಯವಾಗಿ ಕಂದಾಯ ಮತ್ತು ಸುಂಕಗಳ ದೃಷ್ಟಿಯಿಂದ ನೋಡುತ್ತೇವೆ. ವೈದ್ಯನು ಸ್ವತಂತ್ರವಾಗಿ ವೃತ್ತಿ ನಡೆಸಲು ಪಡೆಯುವ ಮನ್ನಣೆಯ ವಿಷಯದಲ್ಲಿಯೂ ಅವು ಗಡಿಗಳೇ ಆಗಿದ್ದುವೆಂಬುದು ಹೆಚ್ಚಾಗಿ ಗಮನಕ್ಕೆ ಬಂದಿಲ್ಲ.

ವೈದ್ಯರ ಹೆಸರುಗಳನ್ನು ಸರ್ಕಾರದ ಪಟ್ಟಿಯಲ್ಲಿ ದಾಖಲಿಸುವ ಪದ್ಧತಿ ಬ್ರಿಟನ್ನಿನಲ್ಲಿ 1858ರ ಕಾಯಿದೆಯಿಂದ ಮೊದಲಾಯಿತು. ಅದೇ ಜಾಡಿನಲ್ಲಿ ಮುಂಬಯಿ 1912ರಲ್ಲಿ, ಮದರಾಸು 1914ರಲ್ಲಿ ನೋಂದಣಿ ಕಾಯಿದೆಗಳನ್ನು ಮಾಡಿದುವು. ಮೈಸೂರು ಸಂಸ್ಥಾನದ ವೈದ್ಯ ನೋಂದಣಿ ಕಾಯಿದೆ ಬಂದದ್ದು 1931ರಲ್ಲಿ. ಹೀಗೆ ಹದಿನೇಳು ವರ್ಷಗಳ ಕಾಲ ಘಟ್ಟದ ಕೆಳಗೂ ನದಿಯ ಆಚೆಗೂ ಇದ್ದಂಥ ಶಾಸನಬದ್ಧ ಪಟ್ಟಿ ನಡುವಣ ಮಲೆನಾಡಿಗೆ ಇರಲಿಲ್ಲ. ಎಲ್ಲದರಲ್ಲಿಯೂ ಮುಂದಾಗಿದ್ದ ಸಂಸ್ಥಾನ ಇದರಲ್ಲಿ ಹಿಂದುಳಿದದ್ದೇಕೆ? ಸಂಸ್ಥಾನದ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಸ್ಥಾಪಿತವಾದದ್ದು 1924ರಲ್ಲಿ. ಅದು ಮೈಸೂರಿಗೆ ಹೋದದ್ದು 1930ರಲ್ಲಿ. ಅದಕ್ಕೆ ಮೊದಲು ಪದವಿ ಬಯಸಿದ ತರುಣರು ಮದರಾಸು, ಮುಂಬಯಿಗಳಿಗೆ ಹೋಗಬೇಕಾಗಿತ್ತು. ತನ್ನದೇ ಪದವೀಧರರು ಹೊರಬಂದ ಮೇಲೆಯೇ ತನ್ನದೇ ಪಟ್ಟಿಯ ಅಗತ್ಯವೂ ಕಂಡಿರಬೇಕೆಂದು ನನ್ನ ಊಹೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಪಟ್ಟಿಯಲ್ಲಿಲ್ಲದವನು ಮದ್ದು ಕೊಡಕೂಡದೆಂದು 1912 ಮತ್ತು 1914ರ ಕಾಯಿದೆಗಳು ಹೇಳಲಿಲ್ಲ. ಪಟ್ಟಿಯಲ್ಲಿದ್ದವನು ಬರೆದ ಪ್ರಮಾಣಪತ್ರಕ್ಕೆ ಮಾತ್ರ ಕಾನೂನಿನ ಬೆಲೆ. ಸರ್ಕಾರಿ ಆಸ್ಪತ್ರೆಯ ಹುದ್ದೆ ಅಂಥವನಿಗೇ ಮೀಸಲು. ಅಷ್ಟೆ. ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಂಬಲು ಹಿಂಜರಿಯುತ್ತಾರೆ. ಆದರೆ ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದು, ಚಳಿಜ್ವರ ಮನೆಮನೆಯನ್ನೂ ಹಿಡಿಯುತ್ತಿದ್ದ ಮಲೆನಾಡಿನಲ್ಲಿ ಬೇರೆ ರೀತಿಯ ಕಾನೂನು ನಡೆಯುವಂತೆಯೂ ಇರಲಿಲ್ಲ. ಕಾಮಾಲೆಗೆ ಬೇರು ಅರೆದು ಕೊಡುವವರು, ಮುರಿದ ಮೂಳೆ ಕಟ್ಟುವವರು, ಹಾವಿನ ವಿಷಕ್ಕೆ ಮದ್ದು ಬಲ್ಲವರು, ಸೂಲಗಿತ್ತಿಯರು, ಇವರೇ ಹತ್ತಿರದ ನೆರವು. ಅವರ ಮನ್ನಣೆ ಯಾವ ಪುಸ್ತಕದಲ್ಲಿಯೂ ಬರೆದದ್ದಲ್ಲ, ಊರಿನ ನೆನಪಿನಲ್ಲಿದ್ದದ್ದು.

1956ರ ನವೆಂಬರ್ 1ರಂದು ರಾಜ್ಯವು ಒಂದಾದರೂ ಪಟ್ಟಿಗಳು ಕೂಡಲೆ ಒಂದಾಗಲಿಲ್ಲ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಭಾಗಗಳ ಬೇರೆ ಬೇರೆ ಕಾಯಿದೆಗಳ ಸ್ಥಾನದಲ್ಲಿ ಒಂದೇ ನೋಂದಣಿ ಕಾಯಿದೆ ರೂಪುಗೊಂಡದ್ದು 1961ರಲ್ಲಿ. ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳವರಿಗೆ ಅದೇ ವರ್ಷದ ಮತ್ತೊಂದು ಕಾಯಿದೆ ಪ್ರತ್ಯೇಕ ಪಟ್ಟಿಯನ್ನು ಏರ್ಪಡಿಸಿತು. ನಿಜವಾದ ತಿರುವು ಬಂದದ್ದು 1964ರಲ್ಲಿ. 1956ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಗೆ ಆಗ ತಂದ ತಿದ್ದುಪಡಿ, ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲದವನು ಆಧುನಿಕ ವೈದ್ಯವೃತ್ತಿಯನ್ನು ನಡೆಸುವುದನ್ನೇ ನಿಷೇಧಿಸಿತು. ಮೀರಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ಈ ದಂಡದ ಮಿತಿಯನ್ನು 5 ಲಕ್ಷಕ್ಕೇರಿಸಿದೆ. ಮನ್ನಣೆಯ ಪಟ್ಟಿಯಾಗಿದ್ದುದು ಹೀಗೆ ಅಪ್ಪಣೆಯ ಪಟ್ಟಿಯಾಯಿತು. ಆ 1964ರಲ್ಲಿಯೇ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ನೀರಿನಲ್ಲಿ ಮುಳುಗಿದುವು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಕಾಡಿನ ಬೇರುಬೊಗಟೆಗಳನ್ನು ನಂಬಿದ್ದ ನಾಟಿವೈದ್ಯನಿಗೆ ಕಾಡೂ ದೂರವಾಯಿತು, ಕಾನೂನೂ ದೂರವಾಯಿತು. ಊರಿನ ನೆನಪಿನ ಮನ್ನಣೆ ಮಾತ್ರ ಅಳಿಯಲಿಲ್ಲ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರಕ್ಕೆ ನಾಟಿ ಔಷಧಿಗಾಗಿ ದೂರದ ರಾಜ್ಯಗಳಿಂದಲೂ ರೋಗಿಗಳು ಬಂದು ಸಾಲುಗಟ್ಟಿದ್ದು ತೀರ ಈಚಿನ ಮಾತು.

ಪದವೀಧರನಿಗಾದರೂ ದಾರಿ ನೇರವಾಗಿ ಉಳಿಯಲಿಲ್ಲ. ಪರೀಕ್ಷೆ ಮುಗಿದೊಡನೆ ಫಲಕ ತೂಗುಹಾಕುವ ಕಾಲ ಕಳೆಯಿತು. ಬ್ರಿಟನ್ನಿನ 1950ರ ಕಾಯಿದೆ ಪೂರ್ಣ ನೋಂದಣಿಗೆ ಮೊದಲು ಆಸ್ಪತ್ರೆಯಲ್ಲಿ ಒಂದು ವರ್ಷದ ಕೆಲಸವನ್ನು ಕಡ್ಡಾಯಮಾಡಿತು. ನಮ್ಮ 1956ರ ಕಾಯಿದೆಯ 25ನೆಯ ಪ್ರಕರಣ ತಾತ್ಕಾಲಿಕ ನೋಂದಣಿಗೆ ಅವಕಾಶವಿತ್ತಿತು. ಹಾಸಿಗೆಯ ಮೇಲಿನ ರೋಗಿಗೆ ಆ ಹೌಸ್ ಸರ್ಜನ್ ಪೂರ್ಣ ಡಾಕ್ಟರೇ; ಕಾನೂನಿನ ಕಣ್ಣಿಗೆ ಮನ್ನಣೆ ಪಡೆದ ಆಸ್ಪತ್ರೆಯ ಗೋಡೆಗಳೊಳಗೆ ಮಾತ್ರ ಡಾಕ್ಟರು. ಆ ವರ್ಷ ಕಳೆದ ಮೇಲೆಯೇ ಕಾಯಂ ಪಟ್ಟಿ. ಮುಂದೆ ಸ್ನಾತಕೋತ್ತರ ಪದವಿ ಪಡೆದರೆ ಹೊಸ ಸನ್ನದಿಲ್ಲ. ಅದೇ ಹೆಸರಿನ ಮುಂದೆ ಹೆಚ್ಚಿನ ಅರ್ಹತೆಯಾಗಿ ಅದು ಸೇರುತ್ತದೆ.

ಕರ್ನಾಟಕದ 2012ರ ಕಾಯಿದೆ ಇದಕ್ಕೆ ಗ್ರಾಮಸೇವೆಯ ಒಂದು ವರ್ಷವನ್ನು ಕೂಡಿಸಿತು. ಉಚ್ಚ ನ್ಯಾಯಾಲಯ 2019ರಲ್ಲಿ ಅದನ್ನು ಎತ್ತಿಹಿಡಿಯಿತು. 2023ರ ತಿದ್ದುಪಡಿ ಕಡ್ಡಾಯವನ್ನು ಸಡಿಲಿಸಿತು. ವೈದ್ಯರು ದೊರೆಯದ ಹಳ್ಳಿಗೆ ವೈದ್ಯನನ್ನು ಕಳುಹಿಸಲು ನೋಂದಣಿಯನ್ನೇ ಹಗ್ಗವಾಗಿ ಬಳಸಿದುದು ನ್ಯಾಯವೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಮಂಗನ ಕಾಯಿಲೆಯ ದಿನಗಳಲ್ಲಿ ಸಾಗರದ ಅರಳಗೋಡನ್ನು ಕಂಡವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಇನ್ನು ಈ ಮೂರು ಪೇಟೆಗಳಲ್ಲಿ ಸ್ವಂತ ದವಾಖಾನೆ ತೆರೆಯುವವನಿಗೆ ಬೆಂಗಳೂರಿನ ವೈದ್ಯಕೀಯ ಪರಿಷತ್ತಿನ ಪಟ್ಟಿಯೊಂದೇ ಸಾಲದು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ, ಅವನು ಕುಳಿತು ರೋಗಿಯನ್ನು ನೋಡುವ ಕೋಣೆಯನ್ನೂ ಶಿವಮೊಗ್ಗೆಯ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು.