ಪ್ರಭಾತ್ ಫಿಲ್ಮ್ ಕಂಪನಿ

ಮರಾಠಿ ಚಿತ್ರರಂಗದ ಪ್ರಮುಖ ನಿರ್ಮಾಣ ಸಂಸ್ಥೆ. 1929ರ ಜೂನ್ 1ರಂದು ಕೊಲ್ಲಾಪುರದಲ್ಲಿ ಆರಂಭವಾಗಿ, 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡು, 1950ರ ದಶಕದ ಆರಂಭದಲ್ಲಿ ಮುಚ್ಚಿತು. ಸ್ಥಾಪಕರು ಐವರು: ವಿ. ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಎಸ್. ಫತ್ತೇಲಾಲ್, ಕೇಶವರಾವ್ ಧಾಯ್ಬರ್ ಮತ್ತು ಬಂಡವಾಳ ಹೂಡಿದ ಸರಾಫ ಸೀತಾರಾಮ ಕುಲಕರ್ಣಿ. ಮೊದಲ ನಾಲ್ವರೂ ಬಾಬೂರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಪಳಗಿದವರು. ಶಾಂತಾರಾಮ್ ಅದಕ್ಕೂ ಮುಂಚೆ, ಹದಿಹರೆಯದಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿಯೂ ಅದೇ ಊರಿನ ಒಂದು ಸಿನಿಮಾ ಟೆಂಟಿನಲ್ಲಿಯೂ ದುಡಿದಿದ್ದರು.

ಪ್ರಭಾತ್‌ನ ಬಲವಿದ್ದದ್ದು ಅಲ್ಲಿನ ಕೆಲಸದ ಕ್ರಮದಲ್ಲಿ. ಮಾಲೀಕರೇ ಕಸುಬುದಾರರಾಗಿದ್ದರು. ದಾಮ್ಲೆ ಧ್ವನಿಮುದ್ರಣ, ಫತ್ತೇಲಾಲ್ ಕಲಾ ನಿರ್ದೇಶನ, ಧಾಯ್ಬರ್ ಕ್ಯಾಮೆರಾ, ಶಾಂತಾರಾಮ್ ನಿರ್ದೇಶನ ನೋಡಿಕೊಳ್ಳುತ್ತಿದ್ದರು. ನಟನಟಿಯರಿಂದ ಬಡಗಿಗಳವರೆಗೆ ಎಲ್ಲರೂ ತಿಂಗಳ ಸಂಬಳದವರು. ಸೆಟ್, ಉಡುಪು, ಸಂಗೀತ, ಸಂಸ್ಕರಣೆ ಎಲ್ಲವೂ ಒಂದೇ ಆವರಣದೊಳಗೆ ನಡೆಯುತ್ತಿತ್ತು. ಮರಾಠಿಯ ಮೊದಲ ವಾಕ್ಚಿತ್ರ 'ಅಯೋಧ್ಯೇಚಾ ರಾಜಾ' (1932) ಇಲ್ಲಿಯದು. ಅದನ್ನು ಹಿಂದಿಯಲ್ಲಿಯೂ ತೆಗೆದರು. ಮುಂದೆ ಎರಡು ಭಾಷೆಗಳಲ್ಲಿ ಚಿತ್ರ ತೆಗೆಯುವುದು ಸಂಸ್ಥೆಯ ರೂಢಿಯಾಯಿತು. ಮರಾಠಿ ಮಾರುಕಟ್ಟೆಯೊಂದನ್ನೇ ನೆಚ್ಚಿಕೊಂಡಿದ್ದರೆ ಅಷ್ಟು ದೊಡ್ಡ ಸ್ಟುಡಿಯೋ ನಡೆಸುವುದು ಕಷ್ಟವಿತ್ತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಕೂಡ ಕೊಲ್ಲಾಪುರದಲ್ಲೇ, ಛತ್ರಪತಿ ಸಿನೆಟೋನ್‌ನಲ್ಲಿ ತಯಾರಾಯಿತೆಂಬುದನ್ನು ನೆನೆದರೆ, ಆ ಊರು ಅಂದಿನ ದಿನಗಳಲ್ಲಿ ಎಂಥ ಚಿತ್ರಕೇಂದ್ರವಾಗಿತ್ತೆಂದು ತಿಳಿಯುತ್ತದೆ.

ಎಲ್ಲ ಪ್ರಯೋಗವೂ ಕೈಹಿಡಿಯಲಿಲ್ಲ. 'ಸೈರಂಧ್ರಿ' (1933) ಚಿತ್ರವನ್ನು ವರ್ಣಕ್ಕಾಗಿ ಜರ್ಮನಿಗೆ ಒಯ್ದರು. ಬಣ್ಣ ನಿರೀಕ್ಷಿಸಿದಂತೆ ಮೂಡಲಿಲ್ಲ. ಪುಣೆಯಲ್ಲಿ ತೆಗೆದ ಮೊದಲ ಚಿತ್ರ 'ಅಮೃತ ಮಂಥನ' (1934) ಆ ನಷ್ಟವನ್ನು ಮರೆಸಿತು. ಅದರಲ್ಲಿ ಪುರೋಹಿತನ ಪಾತ್ರಧಾರಿ ಚಂದ್ರಮೋಹನರ ಒಂದೇ ಕಣ್ಣು ಇಡೀ ಪರದೆಯನ್ನು ತುಂಬುವ ಸಮೀಪಚಿತ್ರಿಕೆ ಇಂದಿಗೂ ಚಿತ್ರಪ್ರಿಯರ ಮಾತಿನಲ್ಲಿದೆ.

ಸಂಸ್ಥೆಯ ಶಿಖರ 'ಸಂತ ತುಕಾರಾಮ್' (1936). ನಿರ್ದೇಶಿಸಿದವರು ದಾಮ್ಲೆ ಮತ್ತು ಫತ್ತೇಲಾಲ್. ತುಕಾರಾಮನಾಗಿ ವಿಷ್ಣುಪಂತ ಪಾಗ್ನಿಸ್ ಮಾಡಿದ ಅಭಿನಯದಲ್ಲಿ ಆಡಂಬರದ ಸುಳಿವಿಲ್ಲ. ಅವರಿಗೆ ಎದುರಾಗಿ ಗೌರಿ ಎಂಬ ನಟಿ ತುಕಾರಾಮನ ಹೆಂಡತಿ ಜಿಜಾಯಿಯ ಪಾತ್ರದಲ್ಲಿ ನಿಲ್ಲುತ್ತಾರೆ: ಬೈಯುತ್ತಾ, ಮಕ್ಕಳ ಹೊಟ್ಟೆಯ ಚಿಂತೆ ಹೊತ್ತು, ದೇವರನ್ನೂ ಬಿಡದೆ ತರಾಟೆಗೆ ತೆಗೆದುಕೊಳ್ಳುವ ಹೆಂಗಸು. ಭಕ್ತಿಚಿತ್ರ ಪವಾಡಗಳಲ್ಲಿ ಕಳೆದುಹೋಗದಂತೆ ನೆಲಕ್ಕೆ ಕಟ್ಟಿಹಾಕುವವಳು ಈಕೆಯೇ. ಚಿತ್ರಕ್ಕಾಗಿ ಶಾಂತಾರಾಮ್ ಆಠವಲೆ ಹೊಸದಾಗಿ ರಚಿಸಿದ ಒಂದು ಅಭಂಗವನ್ನು ತುಕಾರಾಮರದೇ ಎಂದು ನಂಬಿದವರು ಬಹಳ. ಈ ಚಿತ್ರ 1937ರ ವೆನಿಸ್ ಚಲನಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆ ಪಡೆಯಿತು.

ವಿ. ಶಾಂತಾರಾಮ್ ಆಯ್ದುಕೊಂಡ ದಾರಿ ಸಮಾಜದ ಕಡೆಗೆ. 'ಕುಂಕು' (1937) ಮುದುಕ ವಿಧುರನಿಗೆ ಕಟ್ಟಿಕೊಟ್ಟ ತರುಣಿಯೊಬ್ಬಳು ಆ ಮದುವೆಯನ್ನು ಒಪ್ಪದೆ ನಿಲ್ಲುವ ಕಥೆ. ಇದಕ್ಕೆ ಹಿನ್ನೆಲೆ ಸಂಗೀತವಿಲ್ಲ. ಮನೆಯೊಳಗಿನ, ಬೀದಿಯ ಸಹಜ ಸದ್ದುಗಳಷ್ಟೇ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ನಾಯಕಿ ಶಾಂತಾ ಆಪ್ಟೆ ನಿಜಜೀವನದಲ್ಲೂ ಮಣಿಯುವವರಲ್ಲ: 1939ರಲ್ಲಿ ಕರಾರಿನ ತಕರಾರಿಗಾಗಿ ಸ್ಟುಡಿಯೋದ ಬಾಗಿಲಲ್ಲೇ ಉಪವಾಸ ಕುಳಿತರು. ವೇಶ್ಯೆಯೊಬ್ಬಳನ್ನು ಪ್ರೀತಿಸುವ ಪೊಲೀಸನ ಕಥೆ 'ಮಾಣೂಸ್' (1939), ಹಿಂದೂ–ಮುಸ್ಲಿಂ ನೆರೆಹೊರೆಯ 'ಶೇಜಾರಿ' (1941) ಇದೇ ಸಾಲಿನವು.

1942ರಲ್ಲಿ ಶಾಂತಾರಾಮ್ ಹೊರನಡೆದು ಮುಂಬಯಿಯಲ್ಲಿ ರಾಜಕಮಲ್ ಕಲಾಮಂದಿರ ಸ್ಥಾಪಿಸಿದರು. 'ರಾಮಶಾಸ್ತ್ರಿ' (1944) ಮುಂತಾದ ಒಳ್ಳೆಯ ಚಿತ್ರಗಳು ಆಮೇಲೂ ಬಂದವು. ದೇವ್ ಆನಂದ್ ಹಾಗೂ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ವೃತ್ತಿಯ ಮೊದಲ ಹೆಜ್ಜೆಗಳನ್ನಿಟ್ಟದ್ದೂ ಇಲ್ಲೇ. ಆದರೂ ಕೂಡಿ ದುಡಿಯುವ ಬಳಗ ಒಡೆದ ಮೇಲೆ ಸಂಸ್ಥೆ ಹೆಚ್ಚು ಕಾಲ ಬಾಳಲಿಲ್ಲ.

ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಭಾರತ ಸರ್ಕಾರ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ಗಿರೀಶ ಕಾಸರವಳ್ಳಿ ಅಲ್ಲಿ ಕಲಿತವರು. ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು, ಯು.ಆರ್. ಅನಂತಮೂರ್ತಿ ಅಧ್ಯಕ್ಷರಾಗಿದ್ದರು. 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಫಿಲ್ಮ್ ಉಗ್ರಾಣಕ್ಕೆ ಬೆಂಕಿ ಬಿದ್ದು, ಹಳೆಯ ಭಾರತೀಯ ಚಿತ್ರಗಳ ಸಾವಿರಾರು ರೀಲುಗಳು ಸುಟ್ಟುಹೋದವು. ಆದರೂ 'ಸಂತ ತುಕಾರಾಮ್', 'ಕುಂಕು' ಇಂದಿಗೂ ನೋಡಲು ಸಿಗುತ್ತವೆ. ಪ್ರಭಾತ್ ಏನೆಂದು ತಿಳಿಯಬಯಸುವವರು ಈ ಎರಡರಿಂದಲೇ ತೊಡಗಬೇಕು.