ಗ್ರಾಫ್ ಹೆಚ್ಚಿದ್ದಷ್ಟೂ ವ್ಯಾಪಾರದ ಆಪ್ ಒಳ್ಳೆಯದೇ?

"ಕೆಜಿಎಫ್ ಗಣಿಯಲ್ಲಿ ಇನ್ನೂ ಚಿನ್ನವಿದೆ, ಆದರೂ ಮುಚ್ಚಿಬಿಟ್ಟರು." ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಚಿನ್ನವಿದೆ ಎಂಬುದು ಸುಳ್ಳಲ್ಲ. ಆದರೆ ಗಣಿ ನಡೆಸಬೇಕೇ ಎಂದು ತೀರ್ಮಾನಿಸಲು ಆ ಒಂದು ಮಾತು ಸಾಲದು. ಅಂಗಡಿಯ ಲೆಕ್ಕ ತೋರಿಸುವ ಮೊಬೈಲ್ ಆಪ್‌ಗಳಲ್ಲೂ ಇದೇ ತೊಂದರೆ: ಅಂಕಿ ನಿಜ, ತೀರ್ಮಾನ ತಪ್ಪು.

ಏನಿದು ಬಿಸಿನೆಸ್ ಇಂಟೆಲಿಜೆನ್ಸ್?

ಬಿಲ್, ಸ್ಟಾಕ್, ಸಾಲ, ಖರ್ಚು ಎಲ್ಲವನ್ನೂ ಒಟ್ಟುಗೂಡಿಸಿ, ಮುಂದೇನು ಮಾಡಬೇಕೆಂದು ತಿಳಿಯುವಂತೆ ತೋರಿಸುವುದೇ ಬಿಸಿನೆಸ್ ಇಂಟೆಲಿಜೆನ್ಸ್. ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್ 1958ರಲ್ಲೇ ಈ ಹೆಸರಿನಲ್ಲಿ ಲೇಖನ ಬರೆದಿದ್ದರು. ಲೆಕ್ಕ ಕಾಣುವ ಪರದೆಗೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಗಾಡಿಯ ಡ್ಯಾಶ್‌ಬೋರ್ಡ್ ನೆನಪಿಸಿಕೊಳ್ಳಿ: ವೇಗ ಎಷ್ಟು, ಪೆಟ್ರೋಲ್ ಎಷ್ಟು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಗಣಿಯ ಲೆಕ್ಕ ಏನು ಹೇಳುತ್ತದೆ?

ಕೆಜಿಎಫ್‌ನಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಬಂತು. ಕೇಳಲು ದೊಡ್ಡ ಅಂಕಿ. ಆದರೆ ಗಣಿಯ ಭವಿಷ್ಯ ಹೇಳುವ ಅಂಕಿ ಬೇರೆ: ಒಂದು ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ? ಮೊದಲ ವರ್ಷಗಳಲ್ಲಿ 40 ಗ್ರಾಂಗೂ ಹೆಚ್ಚು ಸಿಗುತ್ತಿತ್ತು, ಕೊನೆಗೆ 3 ಗ್ರಾಂ ಆಸುಪಾಸು. ಅಂದರೆ, 10 ಗ್ರಾಂ ಚಿನ್ನಕ್ಕೆ ಮೊದಲು ಕಾಲು ಟನ್ ಅದಿರು ಸಾಕಿತ್ತು, ಆಮೇಲೆ ಮೂರು ಟನ್‌ಗೂ ಹೆಚ್ಚು ಬೇಕಾಯಿತು. ಅದೂ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿಗಳಿಂದ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಕೆಲಸ ಹೋದ ಮನೆಗಳ ಕಷ್ಟ ಮಾತ್ರ ಈ ಗ್ರಾಂ ಲೆಕ್ಕದಲ್ಲಿ ಕಾಣುವುದಿಲ್ಲ. ಡ್ಯಾಶ್‌ಬೋರ್ಡ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ.

ಅಂಗಡಿಗೆ ಬರೋಣ

ಆಂಡರ್ಸನ್‌ಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಹೋದ ತಿಂಗಳ ವ್ಯಾಪಾರ 50,000 ರೂಪಾಯಿ, ಈ ತಿಂಗಳು 60,000. ಆಪ್ ಹಸಿರು ಬಾಣ ತೋರಿಸುತ್ತದೆ. ಖುಷಿಯಾಗಿ ಹೆಚ್ಚು ಸರಕು ತರಿಸುತ್ತಾರೆ. ಆದರೆ ಹೋದ ತಿಂಗಳು ಸಾಲ ಬರೆಸಿ ಒಯ್ದದ್ದು 5,000, ಈ ತಿಂಗಳು 20,000. ಹಾಗಾದರೆ ಕೈಗೆ ಬಂದ ಹಣ 45,000ದಿಂದ 40,000ಕ್ಕೆ ಇಳಿದಿದೆ! ಸರಕು ತಂದವರಿಗೆ ದುಡ್ಡು ಕೊಡುವ ದಿನವೇ ಈ ಸತ್ಯ ಗೊತ್ತಾದರೆ ಪ್ರಯೋಜನವಿಲ್ಲ. ಇಲ್ಲಿ ಬೇಕಿದ್ದುದು ಹತ್ತು ಗ್ರಾಫ್ ಅಲ್ಲ, ವ್ಯಾಪಾರದ ಪಕ್ಕದಲ್ಲೇ "ಕೈಗೆ ಬಂದದ್ದು" ಎಂಬ ಇನ್ನೊಂದು ಅಂಕಿ.

ಸುಲಭದ ಆಪ್ ಹೇಗಿರಬೇಕು?

ಮೊದಲು ಪ್ರಶ್ನೆ, ಆಮೇಲೆ ಗ್ರಾಫ್. "ನಾಳೆ ಏನು ತರಿಸಲಿ? ಯಾರಿಂದ ಬಾಕಿ ಬರಬೇಕು?" ಇಂಥ ಪ್ರಶ್ನೆಗಳಿಗೆ ಮೊದಲ ಪರದೆಯಲ್ಲೇ ಉತ್ತರ ಇರಬೇಕು. ಉಳಿದ ವಿವರ ಒತ್ತಿದರೆ ತೆರೆದುಕೊಳ್ಳಲಿ.

ವೃತ್ತಕ್ಕಿಂತ ಪಟ್ಟಿ ಮೇಲು. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ನಮ್ಮ ಕಣ್ಣು ಕೋನಕ್ಕಿಂತ ಉದ್ದವನ್ನು ಹೆಚ್ಚು ಸರಿಯಾಗಿ ಹೋಲಿಸುತ್ತದೆ. ಅಂದರೆ ಹೋಳು ಹೋಳಾದ ವೃತ್ತಕ್ಕಿಂತ ಸಾಲಾಗಿ ನಿಂತ ಪಟ್ಟಿಗಳು ಬೇಗ ಅರ್ಥವಾಗುತ್ತವೆ.

ಪಟ್ಟಿ ಸೊನ್ನೆಯಿಂದ ಶುರುವಾಗಲಿ. 50,000ದಿಂದ 52,000ಕ್ಕೆ ಏರಿದರೆ ಹೆಚ್ಚಳ ಶೇ. 4 ಮಾತ್ರ. ಆದರೆ ಪಟ್ಟಿಯನ್ನು 49,000ದಿಂದ ಶುರು ಮಾಡಿದರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ಫಾರ್ವರ್ಡ್‌ಗಳಲ್ಲಿ ಬರುವ ಗ್ರಾಫ್‌ಗಳಲ್ಲೂ ಈ ಮೋಸ ಉಂಟು.

ಬಣ್ಣವನ್ನೇ ನಂಬಬೇಡಿ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕೆಲವರ ಕಣ್ಣಿಗೆ ತಿಳಿಯುವುದಿಲ್ಲ. ಗಂಡಸರಲ್ಲಿ ಇದು ಹೆಚ್ಚು. ಬಣ್ಣದ ಜೊತೆಗೆ "ಏರಿದೆ", "ಇಳಿದಿದೆ" ಎಂಬ ಪದವೂ ಇರಲಿ.

ನಮ್ಮ ಮಾತು, ನಮ್ಮ ಲೆಕ್ಕ. ಕೆಜಿಎಫ್‌ನ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಸುತ್ತವೆ. ಅಲ್ಲಿ ಮಾರುವ ಆಪ್ "ರಿಸೀವಬಲ್ಸ್" ಎನ್ನುವ ಬದಲು "ಬರಬೇಕಾದ ಬಾಕಿ" ಎಂದು ಅವರವರ ಭಾಷೆಯಲ್ಲಿ ಹೇಳಬೇಕು. 1,25,000ವನ್ನು "0.125 ಮಿಲಿಯನ್" ಎಂದು ತೋರಿಸಿದರೆ ಯಾರಿಗೆ ಲಾಭ?

ನೀವೇ ಪರೀಕ್ಷೆ ಮಾಡಿ

ಆಪ್ ಕೊಳ್ಳುವ ಮುನ್ನ ಅದನ್ನು ತೆರೆದು, ಅಂಗಡಿಯಲ್ಲಿ ದಿನವೂ ಕೂರುವವರ ಕೈಗೆ ಕೊಡಿ. "ಯಾರ ಬಾಕಿ ಹೆಚ್ಚು?" ಎಂದಷ್ಟೇ ಕೇಳಿ, ಸುಮ್ಮನಿರಿ. ಹುಡುಕಾಡುತ್ತಾ ನಿಮ್ಮ ಮುಖ ನೋಡಿದರೆ ತಪ್ಪು ಅವರದ್ದಲ್ಲ, ಆಪ್‌ನದ್ದು. ತೋರಿಸಿಕೊಡುವವರು ಬಂದಾಗ "ಎಷ್ಟು ಗ್ರಾಫ್ ಇದೆ?" ಎಂದು ಕೇಳುವ ಬದಲು "ಇದನ್ನು ನೋಡಿ ನಾನು ಏನು ತೀರ್ಮಾನ ಮಾಡಬಹುದು?" ಎಂದು ಕೇಳಿ.

ಒಟ್ಟಿನಲ್ಲಿ: ಗ್ರಾಫ್ ಹೆಚ್ಚಿದ್ದಷ್ಟೂ ಆಪ್ ಒಳ್ಳೆಯದು ಎಂಬುದು ತಪ್ಪು ನಂಬಿಕೆ. ಸರಿಯಾದ ಪ್ರಶ್ನೆಗೆ ಸರಿಯಾದ ಅಂಕಿ, ಓದುವವರ ಭಾಷೆಯಲ್ಲಿ ಸಿಕ್ಕರೆ ಅದೇ ಒಳ್ಳೆಯ ಆಪ್. ಇನ್ನು ಮುಂದೆ ದೊಡ್ಡ ಅಂಕಿಯ ಫಾರ್ವರ್ಡ್ ಬಂದಾಗಲೂ ಒಂದು ಕ್ಷಣ ನಿಂತು ಕೇಳಿ: ಇದರ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಅಂಕಿ ಎಲ್ಲಿ?