ಆಂಬ್ವಾಜ್ ಕೋಟೆಯ ಇಪ್ಪತ್ತೈದು ಗೋರಿಗಳು

ಕಂಪನಿ ಕೆಲಸದ ಮೇಲೆ ಪ್ಯಾರಿಸ್‌ಗೆ ಹೊರಟಿದ್ದ ನನ್ನ ಆಪಾನ ಮಗ ಹೊರಡುವ ಹಿಂದಿನ ವಾರ ಮನೆಗೆ ಬಂದಿದ್ದ. ಚಹಾ ಕುಡಿಯುತ್ತಾ ಕೇಳಿದ: ‘ಮಾಮೂ, ಅಲ್ಲಿ ಕೋಟೆಗಳು ಸಾವಿರಾರು ಇವೆಯಂತೆ. ನನಗೆ ಸಿಗೋದು ನಾಲ್ಕು ದಿನ ರಜೆ. ಯಾವುದು ನೋಡಲಿ, ಯಾವುದು ಬಿಡಲಿ?’ ಅವನ ಮೊಬೈಲಿನಲ್ಲಿ ಆಗಲೇ ಹತ್ತಾರು ಚಿತ್ರಗಳಿದ್ದವು. ನೀರಿನಲ್ಲಿ ನೆರಳು ಬಿಟ್ಟ ಗೋಪುರಗಳು, ಕತ್ತರಿಸಿ ಜೋಡಿಸಿದಂತಹ ತೋಟಗಳು, ರಾಜರ ಮಂಚಗಳು. ಎಲ್ಲವೂ ಚೆಂದ. ಚೆಂದವನ್ನೇ ಅಳತೆಗೋಲು ಮಾಡಿಕೊಂಡರೆ ಆರಿಸುವುದು ಕಷ್ಟ. ಅವನಿಗೆ ಅಂದು ಹೇಳಿದ್ದನ್ನೂ, ಹೇಳಲು ಬಿಟ್ಟುಹೋದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತಿನ ತೊಡಕು ಬಿಡಿಸಿಕೊಳ್ಳಬೇಕು. ನಾವು ಕೋಟೆ ಬೇರೆ, ಅರಮನೆ ಬೇರೆ ಎನ್ನುತ್ತೇವೆ. ಫ್ರೆಂಚರು ಎರಡಕ್ಕೂ ‘ಶಾತೋ’ ಎಂಬ ಒಂದೇ ಪದ ಬಳಸುತ್ತಾರೆ. ಶತ್ರುವನ್ನು ತಡೆಯಲು ಕಟ್ಟಿದ ದಪ್ಪ ಗೋಡೆಯೂ ಶಾತೋ, ಬೇಟೆಗೆ ಬಂದ ರಾಜ ತಂಗಲು ಕಟ್ಟಿಸಿದ ಮಹಲೂ ಶಾತೋ. ಹದಿನೈದನೆಯ ಶತಮಾನದ ನಂತರ ಫಿರಂಗಿಯ ಮುಂದೆ ಹಳೆಯ ಕೋಟೆಗಳಿಗೆ ಬೆಲೆ ಉಳಿಯಲಿಲ್ಲ. ಆಗ ರಾಜರು ಗೋಡೆ ಒಡೆದು ಕಿಟಕಿ ಇಟ್ಟರು, ಕಂದಕದ ಬದಲು ತೋಟ ಮಾಡಿದರು. ಪ್ಯಾರಿಸ್‌ನ ನೈಋತ್ಯಕ್ಕೆ ಹರಿಯುವ ಲ್ವಾರ್ ನದಿಯ ಕಣಿವೆಯ ಹೆಸರಾಂತ ಶಾತೋಗಳಲ್ಲಿ ಹೆಚ್ಚಿನವು ಆ ಕಾಲದಲ್ಲಿ ಈಗಿನ ರೂಪ ಪಡೆದವು. ಆದರೆ ಗೋಡೆ ತೆಳ್ಳಗಾದ ಮಾತ್ರಕ್ಕೆ ಅವು ಸೆರೆಮನೆಯಾಗುವುದು ತಪ್ಪಲಿಲ್ಲ. ನನ್ನ ಕಥೆ ಇರುವುದು ಅಲ್ಲಿಯೇ.

ಪ್ಯಾರಿಸ್‌ಗೆ ಹೋದವರು ವರ್ಸೇಲ್ಸ್ ನೋಡದೆ ಬರುವುದಿಲ್ಲ. ಹುಡುಗನಿಗೂ ಹೋಗು ಎಂದೆ, ಆದರೆ ಕನ್ನಡಿ ಮಹಲಿನಲ್ಲೇ ನಿಂತುಬಿಡಬೇಡ. ನಮ್ಮ ನಾಡಿನ ಮೂವರು ಆ ಅರಮನೆಗೆ ರಾಯಭಾರಿಗಳಾಗಿ ಹೋಗಿದ್ದರು. ಟಿಪ್ಪು ಸುಲ್ತಾನ್ ಕಳಿಸಿದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿದರು. 1788ರ ಜೂನ್‌ನಲ್ಲಿ ಫ್ರಾನ್ಸಿನ ದಕ್ಷಿಣದ ತೂಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ಹದಿನಾರನೇ ಲೂಯಿ ಅವರನ್ನು ವರ್ಸೇಲ್ಸ್‌ನಲ್ಲಿ ಬರಮಾಡಿಕೊಂಡ. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಬೇಕು ಎಂಬುದು ಸುಲ್ತಾನನ ಕೋರಿಕೆ. ಸಿಕ್ಕಿದ್ದು ಸತ್ಕಾರ, ಪಿಂಗಾಣಿ ಸಾಮಾನು, ಒಂದಷ್ಟು ಕುಶಲಕರ್ಮಿಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಮಾತು ಅಂದಿನ ಆ ದರ್ಬಾರಿಗೆ ಒಪ್ಪುತ್ತದೆ. ಆ ಭೇಟಿಯಾದ ಆರೇ ದಿನಕ್ಕೆ ಫ್ರೆಂಚ್ ಖಜಾನೆ ತನ್ನ ಪಾವತಿಗಳನ್ನು ನಿಲ್ಲಿಸಬೇಕಾಯಿತು. ಮರುವರ್ಷ ಕ್ರಾಂತಿ. 1792ರಲ್ಲಿ ಅದೇ ಆಗಸ್ಟ್ 10ರಂದು ಪ್ಯಾರಿಸ್ ಜನ ರಾಜನ ಅರಮನೆಗೆ ನುಗ್ಗಿದರು.

ತೂಲೋನ್ ಬಂದರಿನ ಹೆಸರು ನೆನಪಿರಲಿ. ಅರವತ್ತು ವರ್ಷ ತುಂಬುವ ಮೊದಲೇ ಇನ್ನೊಬ್ಬ ಮುಸ್ಲಿಂ ಮುಂದಾಳುವನ್ನು ಹೊತ್ತ ಹಡಗು ಅಲ್ಲಿಗೆ ಬಂತು. ಅವನು ಅತಿಥಿಯಾಗಿ ಬರಲಿಲ್ಲ. ವರ್ಸೇಲ್ಸ್‌ನಲ್ಲಿ ಅವನ ಕುರುಹೂ ಇದೆ. ಆ ಅರಮನೆಯ ಆಫ್ರಿಕಾ ಕೋಣೆಗಳಿಗೆಂದು ಒರಾಸ್ ವೆರ್ನೆ ಎಂಬ ಕಲಾವಿದ ಸುಮಾರು 21 ಮೀಟರ್ ಉದ್ದದ ಒಂದು ಚಿತ್ರ ಬರೆದ. 1843ರ ಮೇ ತಿಂಗಳಲ್ಲಿ ಫ್ರೆಂಚ್ ಸೇನೆ ಒಂದು ಸಂಚಾರಿ ಡೇರೆಪಟ್ಟಣದ ಮೇಲೆ ಬಿದ್ದ ದೃಶ್ಯ ಅದು. ಉರುಳುವ ಡೇರೆಗಳು, ಬೆದರಿದ ಒಂಟೆಗಳು, ದಿಕ್ಕೆಟ್ಟು ಓಡುವ ಹೆಂಗಸರು ಮಕ್ಕಳು. ಆ ಡೇರೆಗಳು ಅಮೀರ್ ಅಬ್ದುಲ್ ಖಾದಿರ್ ಅಲ್ ಜಝಾಯಿರಿಯ ಜನರವು. ಅಮೀರ್ ಆ ದಿನ ಅಲ್ಲಿರಲಿಲ್ಲ. ಗೆದ್ದವರು ಬರೆಸಿದ ಚಿತ್ರದ ಎದುರು ನಿಂತಾಗ ನಾವು ಯಾರ ಕಡೆಯಿಂದ ನೋಡುತ್ತಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕು.

ಅಬ್ದುಲ್ ಖಾದಿರ್ ಹುಟ್ಟಿದ್ದು 1808ರಲ್ಲಿ, ಅಲ್ಜೀರಿಯಾದ ಪಶ್ಚಿಮ ಭಾಗದ ಮಸ್ಕರಾ ಊರಿನ ಬಳಿ. ತಂದೆ ಮುಹ್ಯುದ್ದೀನ್ ಖಾದ್ರಿಯಾ ಸಿಲ್‌ಸಿಲಾದ ಹಿರಿಯರು. ನಮ್ಮ ದರ್ಗಾಗಳಲ್ಲೂ ಕೇಳಿಬರುವ ಅದೇ ಸಿಲ್‌ಸಿಲಾ. ಮಗ ಕಿತಾಬುಗಳ ನಡುವೆ ಬೆಳೆದವನು, ತಂದೆಯ ಜೊತೆ ಹಜ್‌ಗೆ ಹೋಗಿ ಬಂದವನು. 1830ರಲ್ಲಿ ಫ್ರೆಂಚರು ಅಲ್ಜಿಯರ್ಸ್ ಹಿಡಿದರು. 1832ರಲ್ಲಿ ಕಬೀಲೆಗಳು ಸೇರಿ ಈ ಇಪ್ಪತ್ತನಾಲ್ಕರ ಯುವಕನನ್ನು ಅಮೀರ್ ಎಂದು ಘೋಷಿಸಿದವು. ಹದಿನೈದು ವರ್ಷ ಅವನು ಯೂರೋಪಿನ ದೊಡ್ಡ ಸೈನ್ಯವೊಂದನ್ನು ಎದುರಿಸಿ ನಿಂತ. 1834ರಲ್ಲೂ 1837ರಲ್ಲೂ ಫ್ರೆಂಚರು ಅವನೊಡನೆ ಒಪ್ಪಂದ ಮಾಡಿಕೊಂಡರು. 1839ರಲ್ಲಿ ಮತ್ತೆ ಯುದ್ಧ. ಜನರಲ್ ಬ್ಯೂಜೋ ಬೆಳೆ ಸುಡುವುದನ್ನು, ದನಕರು ದೋಚುವುದನ್ನು ಯುದ್ಧದ ಕ್ರಮವನ್ನಾಗಿಯೇ ಮಾಡಿಕೊಂಡ. 1845ರಲ್ಲಿ ದಹ್ರಾ ಬೆಟ್ಟದ ಗವಿಗಳಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಬಾಯಿಗೆ ಬೆಂಕಿ ಹಾಕಿ ಹೊಗೆಯಿಂದ ಕೊಂದರು.

ಕೊನೆಗೆ ಮೊರಾಕೊದ ಸುಲ್ತಾನನೂ ತಿರುಗಿಬಿದ್ದಾಗ ಅಮೀರ್‌ಗೆ ದಾರಿ ಉಳಿಯಲಿಲ್ಲ. 1847ರ ಡಿಸೆಂಬರ್‌ನಲ್ಲಿ ಷರತ್ತಿನ ಮೇಲೆ ಕತ್ತಿ ಕೆಳಗಿಟ್ಟ. ತನ್ನನ್ನೂ ತನ್ನವರನ್ನೂ ಅಲೆಕ್ಸಾಂಡ್ರಿಯಾಕ್ಕೋ ಅಕ್ಕಾ ಪಟ್ಟಣಕ್ಕೋ ಕಳಿಸಬೇಕು ಎಂಬುದು ಷರತ್ತು. ಜನರಲ್ ಲಾಮೊರಿಸಿಯೇರ್ ಮಾತು ಕೊಟ್ಟ. ಗವರ್ನರ್ ಜನರಲ್ ಆಗಿದ್ದ ರಾಜಕುಮಾರ ಓಮಾಲ್ ಅದನ್ನು ಒಪ್ಪಿದ. ಆದರೆ ಹಡಗು ಪೂರ್ವಕ್ಕೆ ಹೋಗಲಿಲ್ಲ. ತೂಲೋನ್‌ಗೆ ಬಂತು, ಅಲ್ಲಿಯ ಲಾಮಾಲ್ಗ್ ಕೋಟೆಯ ಬಾಗಿಲು ಹಿಂದಿನಿಂದ ಮುಚ್ಚಿತು. ಪ್ಯಾರಿಸ್ ಮೀನಮೇಷ ಎಣಿಸುತ್ತಿರುವಾಗಲೇ 1848ರ ಫೆಬ್ರವರಿಯಲ್ಲಿ ರಾಜ ಲೂಯಿ ಫಿಲಿಪ್ ಪದಚ್ಯುತನಾದ. ಸ್ವಾತಂತ್ರ್ಯ, ಸಮಾನತೆ, ಸೋದರತೆಯ ಹೆಸರಿನಲ್ಲಿ ಬಂದ ಗಣರಾಜ್ಯವೂ ಕೊಟ್ಟ ಮಾತನ್ನು ಉಳಿಸಲಿಲ್ಲ. ಫ್ರಾನ್ಸಿನಲ್ಲೇ ಗೌರವದಿಂದ ನೆಲೆಸು ಎಂಬ ಆಮಿಷಗಳು ಬಂದವು. ಅಮೀರ್ ಒಪ್ಪಲಿಲ್ಲ. ಅವನು ಕೇಳಿದ್ದು ಕೊಟ್ಟ ಮಾತನ್ನು ಮಾತ್ರ.

1848ರ ಏಪ್ರಿಲ್‌ನಲ್ಲಿ ಅವನನ್ನು ಪೋ ಎಂಬ ಊರಿನ ಶಾತೋಗೆ ಸಾಗಿಸಿದರು. ಇದು ನಾಲ್ಕನೇ ಹೆನ್ರಿ ಹುಟ್ಟಿದ ಮನೆ. ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ನಡೆದಿದ್ದ ಒಳಯುದ್ಧವನ್ನು ತಣಿಸಿ, 1598ರ ನಾಂತ್ ಶಾಸನದ ಮೂಲಕ ಪ್ರಾಟೆಸ್ಟೆಂಟರಿಗೆ ತಮ್ಮ ಧರ್ಮದಂತೆ ನಡೆಯುವ ಹಕ್ಕು ಕೊಟ್ಟ ರಾಜ ಅವನು. ಪೋ ಊರು ತೀರ ದಕ್ಷಿಣದಲ್ಲಿದೆ. ನಾಲ್ಕು ದಿನದ ರಜೆಯವನಿಗೆ ದೂರವಾದೀತು, ಬಿಡು ಎಂದೆ. ಅದೇ ನವೆಂಬರ್‌ನಲ್ಲಿ ಕೈದಿಗಳನ್ನು ಲ್ವಾರ್ ದಂಡೆಯ ಆಂಬ್ವಾಜ್‌ಗೆ ತಂದರು. ಇದನ್ನು ಮಾತ್ರ ಬಿಡಬೇಡ.

ಆಂಬ್ವಾಜ್‌ಗೆ ಜನ ಹೋಗುವುದು ಸಾಮಾನ್ಯವಾಗಿ ಲಿಯೊನಾರ್ಡೊ ಡ ವಿಂಚಿಯ ಸಲುವಾಗಿ. ಮುದುಕನಾದ ಲಿಯೊನಾರ್ಡೊನನ್ನು ಮೊದಲನೇ ಫ್ರಾನ್ಸಿಸ್ ಇಟಲಿಯಿಂದ ಕರೆಸಿಕೊಂಡ. ಅವನು 1519ರಲ್ಲಿ ಇಲ್ಲಿಯೇ ತೀರಿಕೊಂಡ. ಕೋಟೆಯೊಳಗಿನ ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ ಅವನ ಗೋರಿಯೆಂದು ತೋರಿಸುತ್ತಾರೆ. ಇನ್ನೊಂದು ನೆನಪು ಇಷ್ಟು ಹಿತವಾದುದಲ್ಲ. 1560ರಲ್ಲಿ ಎಳೆಯ ರಾಜನನ್ನು ಕ್ಯಾಥೊಲಿಕ್ ಪಾಳೆಯಗಾರರ ಹಿಡಿತದಿಂದ ಬಿಡಿಸಲು ಪ್ರಾಟೆಸ್ಟೆಂಟರು ಮಾಡಿದ ಸಂಚು ಬಯಲಾಯಿತು. ಸಿಕ್ಕವರನ್ನು ಕೊಂದು ಇದೇ ಕೋಟೆಯ ಉಪ್ಪರಿಗೆಯಿಂದ ನೇತುಹಾಕಿದರು. ಒಂದೇ ದೇವಪುತ್ರನನ್ನು ನಂಬುವವರು ಒಬ್ಬರನ್ನೊಬ್ಬರು ಹೀಗೆ ಕೊಂದರು. ಈ ದೃಶ್ಯದಲ್ಲಿ ನಮ್ಮ ಉಪಖಂಡದವರಿಗೆ ತಿಳಿಯದ ಸಂಗತಿ ಏನೂ ಇಲ್ಲ.

ಈ ಕೋಟೆಯಲ್ಲಿ ಅಮೀರ್, ಅವನ ತಾಯಿ, ಹೆಂಡಂದಿರು, ಮಕ್ಕಳು, ಒಡನಾಡಿಗಳು ಸೇರಿ ಎಂಬತ್ತರ ಆಸುಪಾಸಿನ ಜನ ನಾಲ್ಕು ವರ್ಷ ಕಳೆದರು. ಬಿಸಿಲ ನಾಡಿನವರಿಗೆ ನದಿ ದಂಡೆಯ ಚಳಿ, ತೇವ, ಅದಕ್ಕಿಂತ ಹೆಚ್ಚಾಗಿ ದಿನ ಎಣಿಸುವ ಬೇಸರ. ಒಬ್ಬೊಬ್ಬರಾಗಿ ಇಪ್ಪತ್ತೈದು ಜನ ಸತ್ತರು. ಅವರಲ್ಲಿ ಕೂಸುಗಳೂ ಇದ್ದರು. ಟಿಪ್ಪುವಿನ ಮನೆಮಂದಿ 1799ರ ನಂತರ ವೆಲ್ಲೂರು ಕೋಟೆಯಲ್ಲಿ ಕಳೆದ ದಿನಗಳನ್ನು ಬಲ್ಲವರಿಗೆ ಈ ಬಗೆಯ ಸೆರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಮೀರ್ ಇಲ್ಲಿ ಓದಿದ, ಬರೆದ, ನಮಾಝ್‌ಗೆ ಮುಂದೆ ನಿಂತ. ತನ್ನ ಜೀವನದ ಕಥೆಯನ್ನೂ ಇಸ್ಲಾಮಿನ ಸಮರ್ಥನೆಯ ಗ್ರಂಥವೊಂದನ್ನೂ ಸೆರೆಯಲ್ಲಿದ್ದಾಗಲೇ ರಚಿಸಿದ. ಅವನ ಕಾವಲಿಗಿದ್ದ ಕ್ಯಾಪ್ಟನ್ ಬ್ವಾಸೊನೆ ಅರಬ್ಬಿ ಬಲ್ಲವನು, ಗೆಳೆಯನೇ ಆಗಿಹೋದ. ಅಮೀರ್‌ನ ಬಿಡುಗಡೆಗಾಗಿ ದನಿಯೆತ್ತಿದವರಲ್ಲಿ ಮುಂದೆ ನಿಂತವನು ಒಬ್ಬ ಪಾದ್ರಿ. ಅಲ್ಜಿಯರ್ಸ್‌ನ ಮೊದಲ ಬಿಷಪ್ ದ್ಯುಪ್ಯುಶ್. ಯುದ್ಧದ ದಿನಗಳಲ್ಲಿ ಈತ ಒಬ್ಬ ಫ್ರೆಂಚ್ ಸೆರೆಯಾಳನ್ನು ಬಿಡಬೇಕೆಂದು ಅಮೀರ್‌ಗೆ ಪತ್ರ ಬರೆದಿದ್ದ. ಒಬ್ಬನನ್ನೇ ಏಕೆ ಕೇಳುವಿರಿ, ಎಲ್ಲರನ್ನೂ ಕೇಳಿ, ನಿಮ್ಮ ಸೆರೆಯಲ್ಲಿರುವ ಮುಸ್ಲಿಮರಿಗೂ ಅದೇ ದಯೆ ತೋರಿಸಿ ಎಂಬರ್ಥದ ಉತ್ತರ ಬಂತು. 1841ರಲ್ಲಿ ಎರಡೂ ಕಡೆಯ ಸೆರೆಯಾಳುಗಳ ವಿನಿಮಯ ನಡೆಯಿತು. ಆ ಉತ್ತರವನ್ನು ಮರೆಯದ ಬಿಷಪ್ 1849ರಲ್ಲಿ ಆಂಬ್ವಾಜ್‌ನ ಕೈದಿಯ ಬಗ್ಗೆ ಪುಸ್ತಕವನ್ನೇ ಬರೆದು, ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್‌ನ ಮುಂದಿಟ್ಟ.

ಲೂಯಿ ನೆಪೋಲಿಯನ್‌ಗೆ ಕೋಟೆಯ ಸೆರೆ ಹೊಸದಲ್ಲ. ರಾಜನ ವಿರುದ್ಧ ದಂಗೆ ಎಬ್ಬಿಸಲು ಹೋಗಿ ಆರು ವರ್ಷ ಉತ್ತರದ ಹಾಮ್ ಕೋಟೆಯಲ್ಲಿದ್ದು, 1846ರಲ್ಲಿ ಕೂಲಿಯವನ ವೇಷ ಹಾಕಿ ತಪ್ಪಿಸಿಕೊಂಡವನು ಅವನು. 1852ರ ಅಕ್ಟೋಬರ್ 16ರಂದು ಆಂಬ್ವಾಜ್‌ಗೆ ತಾನೇ ಬಂದು ಅಮೀರ್‌ಗೆ ಬಿಡುಗಡೆಯ ಸುದ್ದಿ ಹೇಳಿದ. ಇದನ್ನು ಬರೀ ಔದಾರ್ಯವೆಂದು ಓದಬೇಕಾಗಿಲ್ಲ. ಹಿಂದಿನ ವರ್ಷವಷ್ಟೇ ಅವನು ಬಲಪ್ರಯೋಗದಿಂದ ಅಧಿಕಾರ ಹಿಡಿದು, ವಿರೋಧಿಸಿದ ಸಾವಿರಾರು ಫ್ರೆಂಚರನ್ನು ಅದೇ ಅಲ್ಜೀರಿಯಾಕ್ಕೆ ಗಡೀಪಾರು ಮಾಡಿದ್ದ. ಆದರೂ ಐದು ವರ್ಷದಿಂದ ಮುರಿದುಬಿದ್ದಿದ್ದ ಮಾತು ಆ ದಿನ ಮರುಜೀವ ಪಡೆಯಿತು. ಅಮೀರ್ ತನ್ನ ಕಡೆಯಿಂದ ಅಲ್ಜೀರಿಯಾದಲ್ಲಿ ಮತ್ತೆ ಕತ್ತಿ ಎತ್ತುವುದಿಲ್ಲ ಎಂದು ಬರೆದುಕೊಟ್ಟ. ಸಾಯುವವರೆಗೂ ಅದಕ್ಕೆ ತಪ್ಪಲಿಲ್ಲ. ಮೊದಲು ತುರ್ಕಿಯ ಬುರ್ಸಾ, 1855ರಿಂದ ದಮಾಸ್ಕಸ್.

ಈಗ ಇನ್ನೊಂದು ಕೋಟೆಯ ಮಾತು. 1860ರ ಜುಲೈಯಲ್ಲಿ ಲೆಬನಾನಿನ ಗಲಭೆ ದಮಾಸ್ಕಸ್‌ಗೆ ಹಬ್ಬಿತು. ಕ್ರೈಸ್ತರ ಮೊಹಲ್ಲಾಕ್ಕೆ ಬೆಂಕಿ ಬಿತ್ತು. ಸಾವಿರಾರು ಜನ ಸತ್ತರು. ಅಮೀರ್ ತನ್ನ ಅಲ್ಜೀರಿಯನ್ ಸಂಗಡಿಗರನ್ನು ಕಟ್ಟಿಕೊಂಡು ಬೀದಿಗಿಳಿದ. ಸಿಕ್ಕವರನ್ನೆಲ್ಲ ತನ್ನ ಮನೆಗೆ ತಂದ. ಮನೆ ತುಂಬಿದಾಗ ಕಾವಲು ಕೊಟ್ಟು ಊರಿನ ಕೋಟೆಗೆ ಸಾಗಿಸಿದ. ಉಳಿದ ಜೀವಗಳ ಸಂಖ್ಯೆ ಹಲವು ಸಾವಿರ. ತನ್ನ ನಾಡನ್ನು ಕಿತ್ತುಕೊಂಡ ಫ್ರೆಂಚರ ಧರ್ಮದವರು ಎಂದು ಅವನು ಲೆಕ್ಕ ಹಾಕಲಿಲ್ಲ. ಕಾಕಸಸ್‌ನಲ್ಲಿ ರಷ್ಯನ್ನರ ವಿರುದ್ಧ ಹೋರಾಡಿ ಸೆರೆಯಾಗಿದ್ದ ಇಮಾಮ್ ಶಾಮಿಲ್ ಅವನನ್ನು ಮೆಚ್ಚಿ ಪತ್ರ ಬರೆದ. ಫ್ರಾನ್ಸ್ ತನ್ನ ಅತ್ಯುನ್ನತ ಗೌರವ ಪದಕ ಕೊಟ್ಟಿತು. ಅಮೀರ್ ಮಾತ್ರ, ತಾನು ಮಾಡಿದ್ದು ಶರೀಅತ್ತೂ ಮಾನವೀಯತೆಯೂ ವಿಧಿಸಿದ ಕರ್ತವ್ಯ ಎಂದ. ಆಂಬ್ವಾಜ್‌ನ ಉಪ್ಪರಿಗೆಯಲ್ಲಿ ಹೆಣಗಳು ತೂಗಿ ಸರಿಯಾಗಿ ಮುನ್ನೂರು ವರ್ಷವಾಗಿತ್ತು.

ಅಮೀರ್ 1883ರಲ್ಲಿ ತೀರಿಕೊಂಡಾಗ ಅವನನ್ನು ದಮಾಸ್ಕಸ್‌ನಲ್ಲಿ ಇಬ್ನ್ ಅರಬಿಯ ಪಕ್ಕ ಮಣ್ಣು ಮಾಡಿದರು. 1962ರಲ್ಲಿ ಸ್ವತಂತ್ರವಾದ ಅಲ್ಜೀರಿಯಾ 1966ರಲ್ಲಿ ಅವನ ಅವಶೇಷಗಳನ್ನು ತಾಯ್ನಾಡಿಗೆ ಒಯ್ದಿತು. ಹೀಗೆಂದು ಜಗಳ ಮುಗಿದಿಲ್ಲ. ಕತ್ತಿ ಕೆಳಗಿಟ್ಟದ್ದಕ್ಕೆ, ಫ್ರೆಂಚ್ ಪದಕ ಧರಿಸಿದ್ದಕ್ಕೆ ಅವನನ್ನು ಆಕ್ಷೇಪಿಸುವವರಿದ್ದಾರೆ. ಅತ್ತ ಫ್ರಾನ್ಸಿನಲ್ಲಿ ಅವನು ಇನ್ನೂ ಶತ್ರುವೇ ಎನ್ನುವವರಿದ್ದಾರೆ. 2022ರ ಫೆಬ್ರವರಿ 5ರಂದು ಆಂಬ್ವಾಜ್ ಊರಿನಲ್ಲಿ ಅವನ ನೆನಪಿನ ಲೋಹಶಿಲ್ಪವೊಂದರ ಅನಾವರಣ ನಿಗದಿಯಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ಯಾರೋ ಅದನ್ನು ಕತ್ತರಿಸಿ ಹಾಳುಗೆಡವಿದರು. ಹಾಳಾದ ಶಿಲ್ಪವನ್ನೇ ಮುಂದಿಟ್ಟುಕೊಂಡು ಊರಿನವರು ಸಮಾರಂಭ ನಡೆಸಿದರು. ಪ್ರತಿಮೆ ಒಡೆಯುವವರೂ, ಒಡೆದ ಪ್ರತಿಮೆಯ ಪಕ್ಕ ನಿಲ್ಲುವವರೂ ಎಲ್ಲ ದೇಶಗಳಲ್ಲೂ ಇರುತ್ತಾರೆ.

ಹಾಗಾದರೆ ಹುಡುಗನ ಪಟ್ಟಿ? ಒಂದು ದಿನ ವರ್ಸೇಲ್ಸ್. ಒಂದು ದಿನ ಶಾಂಬೋರ್. 1519ರಲ್ಲಿ ಆರಂಭವಾದ ಆ ಬೇಟೆಯ ಮಹಲಿನಲ್ಲಿ ಹೆಣೆದುಕೊಂಡಂತಿರುವ ಜೋಡಿ ಮೆಟ್ಟಿಲುಗಳಿವೆ. ಒಂದರಲ್ಲಿ ಹತ್ತುವವನಿಗೆ ಇನ್ನೊಂದರಲ್ಲಿ ಇಳಿಯುವವನು ಎದುರಾಗುವುದಿಲ್ಲ. ಮಕ್ಕಳಿಗೆ ತೋರಿಸಲು ಫೋಟೊ ಬೇಕಲ್ಲ. ಉಳಿದ ಎರಡು ದಿನ ಆಂಬ್ವಾಜ್‌ನಲ್ಲಿ ತಂಗು. ಅಲ್ಲಿಂದ ಸ್ವಲ್ಪ ದೂರದಲ್ಲೇ ಶೇರ್ ನದಿಯ ಮೇಲೆ ಸೇತುವೆಯಂತೆ ಹಬ್ಬಿರುವ ಶೆನೊನ್ಸೋ ಇದೆ. ರಾಣಿಯರು ಕುಣಿತ ಏರ್ಪಡಿಸುತ್ತಿದ್ದ ಅದರ ಉದ್ದನೆಯ ಹಜಾರ ಮೊದಲನೇ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಒಂದು ಮಧ್ಯಾಹ್ನ ಅದಕ್ಕಿಡು.

ಆಂಬ್ವಾಜ್ ಕೋಟೆಯ ತೋಟದಲ್ಲಿ ಲಿಯೊನಾರ್ಡೊನ ಗೋರಿಗೆ ನೂಕುನುಗ್ಗಲು ಇರುತ್ತದೆ. ಅದನ್ನು ನೋಡಿ ತೋಟದ ಮೇಲಿನ ಭಾಗಕ್ಕೆ ನಡೆ. ಅಲ್ಜೀರಿಯಾ ಮೂಲದ ಕಲಾವಿದ ರಶೀದ್ ಕೊರೈಶಿ 2005ರಲ್ಲಿ ರೂಪಿಸಿದ ಪುಟ್ಟ ಸ್ಮಾರಕ ತೋಟ ಅಲ್ಲಿದೆ. ಸಿರಿಯಾದ ಅಲೆಪ್ಪೊದಿಂದ ತರಿಸಿದ ಕಲ್ಲುಗಳು, ಸತ್ತವರ ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೈದು, ಮೇಲೆ ಕುರ್‌ಆನಿನ ಆಯತುಗಳು. ರಾಜರ ಶಾತೋದಲ್ಲಿ ತೀರಿಹೋದ ಪರದೇಶಿಗಳಿಗೆ ಇಷ್ಟು ಜಾಗ ಸಿಕ್ಕಿದೆ.

ಫಾತಿಹಾ ಓದಿ ಬಾ ಎಂದೆ. ಹುಡುಗ ತನ್ನ ಮೊಬೈಲಿನಲ್ಲಿ ಊರಿನ ಹೆಸರು ಬರೆದುಕೊಂಡ. ಆಮೇಲೆ ತಲೆಯೆತ್ತಿ, ‘ಅವರೆಲ್ಲರ ಹೆಸರು ಗೊತ್ತಾ ಮಾಮೂ?’ ಎಂದು ಕೇಳಿದ. ಅಮೀರ್‌ನ ಹೆಸರು ಗೊತ್ತು, ಅವನನ್ನು ಹಿಡಿದಿಟ್ಟವರ ಹೆಸರುಗಳೂ ಗೊತ್ತು. ಆ ಇಪ್ಪತ್ತೈದು ಜನರಲ್ಲಿ ಒಬ್ಬರ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ‘ಕಲ್ಲುಗಳನ್ನಾದರೂ ಎಣಿಸಿ ಬಾ ಬೇಟಾ’ ಎಂದೆ.